ಪಾಯಿಂಟ್ ಕೂಡಿಟ್ಟು ಸಿಂಗಾಪುರಕ್ಕೆ

ನಮ್ಮ ಮನೆಗೆ ಪಾಯಿಂಟ್ ಕೂಡಿಡೋದು ಹೊಸದೇನಲ್ಲ. ಟೀಪುಡಿ ಪ್ಯಾಕೆಟ್‌ನ ಕೂಪನ್, ಸೋಪಿನ ಪುಡಿಯ ಖಾಲಿ ಕವರ್ ಎಲ್ಲವನ್ನೂ ಅಮ್ಮ ಅಡುಗೆಮನೆಯ ಡಬ್ಬಿಯೊಂದರಲ್ಲಿ ಜೋಪಾನ ಮಾಡಿ, ಅಂಗಡಿಗೆ ಒಯ್ದು ಸ್ಟೀಲ್ ಚಮಚ, ಬಟ್ಟಲು ತರುತ್ತಿದ್ದಳು. ವಿಮಾನ ಕಂಪನಿಗಳ ‘ಮೈಲ್ಸ್’ ಕೂಡ ಮೂಲದಲ್ಲಿ ಇದೇ ವ್ಯವಹಾರ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಈ ಪದ್ಧತಿಯನ್ನು ದೊಡ್ಡದಾಗಿ ಶುರು ಮಾಡಿತು. ಆಗ ಎಷ್ಟು ದೂರ ಹಾರಿದ್ರಿ ಅನ್ನೋದರ ಮೇಲೆ ಲೆಕ್ಕ. ಈಗ ಬಹುತೇಕ ಕಡೆ ಎಷ್ಟು ದುಡ್ಡು ಖರ್ಚು ಮಾಡಿದ್ರಿ ಅನ್ನೋದೇ ಲೆಕ್ಕ.

ಇದರಲ್ಲಿ ಮುಳುಗಿದವರ ಕಥೆಗಳೂ ಮಜವಾಗಿವೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಒಂದು ಆಹಾರ ಕಂಪನಿಯ ಕೊಡುಗೆಯ ನಿಯಮಗಳನ್ನು ಕೂತು ಓದಿ, 12,000ಕ್ಕೂ ಹೆಚ್ಚು ಪುಡಿಂಗ್ ಕಪ್ ಕೊಂಡ. ಖರ್ಚು ಸುಮಾರು 3,000 ಡಾಲರ್, ಸಿಕ್ಕಿದ್ದು 12 ಲಕ್ಷಕ್ಕೂ ಹೆಚ್ಚು ಮೈಲ್ಸ್. ಅಷ್ಟು ಪುಡಿಂಗ್ ತಿನ್ನೋರು ಯಾರು? ಅದನ್ನು ಒಂದು ಸೇವಾ ಸಂಸ್ಥೆಗೆ ದಾನ ಕೊಟ್ಟ, ಅವರು ಲೇಬಲ್ ಕೀಳಲು ಕೈ ಜೋಡಿಸಿದರು. ನನ್ನ ಸಾಧನೆ ಅಷ್ಟು ದೊಡ್ಡದಲ್ಲ.

ತಿಪಟೂರಿನಲ್ಲಿರುವ ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರಾಗಲಿ ಅಮ್ಮನಾಗಲಿ ವಿಮಾನ ಹತ್ತಿದವರಲ್ಲ. ಸಾಫ್ಟ್‌ವೇರ್ ಮಗ ಅಂದ್ರೆ ದುಡ್ಡಿನ ಮರ ಅಂತ ನೆಂಟರು ಅಂದುಕೊಂಡಿರ್ತಾರೆ. ಬೆಂಗಳೂರಿನ ಫ್ಲ್ಯಾಟಿನ ಕಂತು ಕಟ್ಟಿದ ಮೇಲೆ ಉಳಿಯೋದು ಎಷ್ಟು ಅಂತ ಕಂತು ಕಟ್ಟೋರಿಗೇ ಗೊತ್ತು. ಅಪ್ಪನ ಮಂಡಿನೋವು ಜಾಸ್ತಿ ಆಗೋ ಮೊದಲು ಇಬ್ಬರನ್ನೂ ಒಂದು ಸಲ ಕಡಲಾಚೆ ಕರೆದೊಯ್ಯಬೇಕು ಅನ್ನೋದು ಮನಸ್ಸಿನಲ್ಲಿತ್ತು. ಹಾಗಾಗಿ ಮೂರು ವರ್ಷ ಮನೆ ಸಾಮಾನು, ಇನ್ಶೂರೆನ್ಸ್ ಕಂತು, ಆಫೀಸಿನವರು ವಾಪಸ್ ಕೊಡುವ ಪ್ರಯಾಣದ ಖರ್ಚು ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಮಾಡಿದೆ. ಆ ಪಾಯಿಂಟ್‌ಗಳನ್ನು ಸಿಂಗಾಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಖಾತೆಗೆ ಮೈಲ್ಸ್ ಆಗಿ ಬದಲಿಸಬಹುದಿತ್ತು.

ಟಿಕೆಟ್ ಆಯ್ತು ಅಂತ ಫೋನ್ ಮಾಡಿದಾಗ ಅಪ್ಪ ಖುಷಿ ಪಡೋ ಬದಲು, “ಪುಕ್ಕಟೆ ಅಂತ ಯಾರೂ ಏನೂ ಕೊಡಲ್ಲ ಕಣೋ. ಇದು ಯಾರ ದುಡ್ಡು?” ಅಂದರು.

ಮೇಷ್ಟ್ರ ಪ್ರಶ್ನೆ, ತೇಲಿಸಿ ಉತ್ತರ ಹೇಳಿದರೆ ಬಿಡಲ್ಲ. ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವರು ನೂರಕ್ಕೆ ಒಂದೆರಡು ರೂಪಾಯಿ ಬ್ಯಾಂಕಿನ ಕಡೆಗೆ ಬಿಡಬೇಕು. ಅದರಲ್ಲಿ ಸ್ವಲ್ಪ ನಮಗೆ ಪಾಯಿಂಟ್ ಆಗಿ ಬರುತ್ತೆ. ಜೊತೆಗೆ, ಬಿಲ್ ಪೂರ್ತಿ ಕಟ್ಟದೆ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟೋರಿದ್ದಾರಲ್ಲ, ಅವರ ಬಡ್ಡಿ. ಅನೇಕ ಕಾರ್ಡ್‌ಗಳಲ್ಲಿ ಅದು ತಿಂಗಳಿಗೆ ಶೇ 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ 40 ದಾಟುತ್ತೆ, ಮೇಲೆ ಶೇ 18 ಜಿಎಸ್‌ಟಿ ಬೇರೆ. ಒಂದು ತಿಂಗಳು ಹಾಗೆ ಬಾಕಿ ಉಳಿಸಿಕೊಂಡರೆ ಹಲವು ತಿಂಗಳ ಪಾಯಿಂಟ್ ಬಡ್ಡಿಗೇ ಸಮ. “ಅಂದ್ರೆ ಸಾಲಗಾರರ ಬಡ್ಡೀಲಿ ನಾವು ಪ್ರವಾಸ ಹೋಗ್ತಿದೀವಿ” ಅಂದರು ಅಪ್ಪ. ಪೂರ್ತಿ ಹಾಗಲ್ಲ, ಆದರೆ ಪೂರ್ತಿ ಸುಳ್ಳೂ ಅಲ್ಲ. ನಾನು ವಾದ ಮಾಡಲಿಲ್ಲ. ಕಾರ್ಡ್ ಇದ್ದರೆ ಕೈ ತಡೆಯೋದಿಲ್ಲ ಅನ್ನೋರಿಗೆ ಈ ದಾರಿ ಬೇಡವೇ ಬೇಡ ಅಂತ ಗೆಳೆಯರಿಗೂ ಹೇಳ್ತೀನಿ.

ಲೆಕ್ಕ ಹಾಕೋದು ಹೇಗೆ ಅಂತ ಬಹಳ ಜನ ಕೇಳ್ತಾರೆ. ಟಿಕೆಟ್‌ನ ನಗದು ಬೆಲೆಯಿಂದ, ಮೈಲ್ಸ್ ಬಳಸಿದರೂ ಕೈಯಿಂದ ಕಟ್ಟಬೇಕಾದ ತೆರಿಗೆ ಕಳೆಯಿರಿ, ಉಳಿದದ್ದನ್ನು ಕೇಳುವ ಮೈಲ್ಸ್‌ನಿಂದ ಭಾಗಿಸಿ. ಉದಾಹರಣೆಗೆ ಟಿಕೆಟ್ 20,000 ರೂಪಾಯಿ, ತೆರಿಗೆ 6,000, ಕೇಳೋದು 20,000 ಮೈಲ್ಸ್ ಅಂತಿಟ್ಟುಕೊಳ್ಳಿ. ಒಂದು ಮೈಲ್‌ಗೆ 70 ಪೈಸೆ ಬಂತು. ಅದೇ ಪಾಯಿಂಟಿಗೆ ಬ್ಯಾಂಕು ಕ್ಯಾಶ್‌ಬ್ಯಾಕ್‌ನಲ್ಲಿ ಎಷ್ಟು ಕೊಡುತ್ತೆ ಅಂತ ನೋಡಿ ಹೋಲಿಸಿ. ತೆರಿಗೆ ಸಣ್ಣದಲ್ಲ, ಚಾಂಗಿ ವಿಮಾನ ನಿಲ್ದಾಣದಿಂದ ಪ್ರಯಾಣ ಶುರು ಮಾಡುವವರಿಗೆ ಅಲ್ಲಿನ ಶುಲ್ಕವೇ ತಲೆಗೆ 60 ಸಿಂಗಾಪುರ ಡಾಲರ್ ಮೀರುತ್ತೆ.

ಇನ್ನೊಂದು ವಿಷಯ: ಕಾರ್ಡಿನಿಂದ ವಿಮಾನದ ಖಾತೆಗೆ ಹೋದ ಪಾಯಿಂಟ್ ಹಿಂದಕ್ಕೆ ಬರಲ್ಲ. ಸೀಟು ಇದೆಯಾ ಅಂತ ಮೊದಲು ನೋಡಿ, ಆಮೇಲೆ ವರ್ಗಾಯಿಸಬೇಕು. ಕಡಿಮೆ ಮೈಲ್ಸ್‌ನ ಸೀಟುಗಳು ಪ್ರತಿ ವಿಮಾನದಲ್ಲೂ ಕೆಲವೇ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಹುಡುಕಿದರೆ ನಿರಾಸೆಯೇ ಜಾಸ್ತಿ. ಶಾಲೆಗೆ ಹೋಗೋ ಮಕ್ಕಳಿರುವ ಮನೆಗಿಂತ ನಿವೃತ್ತರಿಗೆ ಈ ಆಟ ಚೆನ್ನಾಗಿ ಒಗ್ಗುತ್ತೆ. ಫೆಬ್ರುವರಿಯ ಒಂದು ಮಂಗಳವಾರ ಎರಡು ಸೀಟು ಸಿಕ್ಕವು. ಅಪ್ಪ–ಅಮ್ಮನ ಹೋಗಿಬರುವ ಟಿಕೆಟ್ ಮೈಲ್ಸ್‌ನಲ್ಲಿ, ಅದೇ ವಿಮಾನದಲ್ಲಿ ನನ್ನದು ದುಡ್ಡು ಕೊಟ್ಟು.

ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಾಟ. ಮೈಲ್ಸ್ ಕೆಲಸ ವಿಮಾನ ಇಳಿಯೋವರೆಗೆ ಅಷ್ಟೇ, ಉಳಿದದ್ದೆಲ್ಲ ಜೇಬಿನಿಂದ. ಸಿಂಗಾಪುರದಲ್ಲಿ ರೂಮು ದುಬಾರಿ. ಲಿಟ್ಲ್ ಇಂಡಿಯಾದಲ್ಲಿ ನಮಗೆ ಸಿಕ್ಕ ಅಗ್ಗದ ರೂಮಿಗೆ ಕಿಟಕಿಯೇ ಇರಲಿಲ್ಲ. “ಬೆಳಗಾಗಿದ್ದು ಹೆಂಗೋ ಗೊತ್ತಾಗೋದು?” ಅಂದಳು ಅಮ್ಮ. ಅಲ್ಲಿ ಸೂರ್ಯ ಏಳೋದೇ ಏಳು ಗಂಟೆಯ ಸುಮಾರಿಗೆ. ಐದಕ್ಕೇ ಎದ್ದ ಅಪ್ಪ ಕತ್ತಲಲ್ಲೇ ಸೆರಂಗೂನ್ ರಸ್ತೆಗೆ ಇಳಿದು, ಬೋರ್ಡಿನ ತಮಿಳು ಅಕ್ಷರ ಕೂಡಿಸಿ ಓದುತ್ತಾ ನಿಂತಿದ್ದರು. ಅಲ್ಲಿ ತಮಿಳೂ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು ಅಂತ ತಿಳಿದ ಮೇಲಂತೂ ಸಿಕ್ಕವರಿಗೆಲ್ಲ ಹೇಳಿದರು. ವೀರಮಾಕಾಳಿಯಮ್ಮನ ಗುಡಿಯಲ್ಲಿ ಮಂಗಳಾರತಿ, 1947ರಿಂದ ಇರುವ ಕೋಮಲ ವಿಲಾಸದಲ್ಲಿ ದೋಸೆ. ಬೀದಿಯಲ್ಲಿ ಮಲ್ಲಿಗೆ ಮಾಲೆಯ ಬೆಲೆ ಕೇಳಿ, ರೂಪಾಯಿಗೆ ಗುಣಿಸಿ, ಅಮ್ಮ ಕೈ ಹಿಂದಕ್ಕೆ ತಗೊಂಡಳು. ಮಾರನೇ ದಿನ ನಾನೇ ತಂದುಕೊಟ್ಟೆ.

ದುಡ್ಡು ಕೊಡದೇ ನೋಡೋದು ಆ ಊರಲ್ಲಿ ಸಾಕಷ್ಟಿದೆ. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೊಟಾನಿಕ್ ಗಾರ್ಡನ್ಸ್‌ಗೆ ಪ್ರವೇಶ ಉಚಿತ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಗಾರ್ಡನ್ಸ್ ಬೈ ದ ಬೇಯಲ್ಲಿ ಸಂಜೆ ಆ ದೊಡ್ಡ ಕೃತಕ ಮರಗಳ ದೀಪದಾಟವೂ ಬಿಟ್ಟಿ. ನೆಲದ ಮೇಲೆ ಕಾಲು ಚಾಚಿ ಕೂತು ತಲೆ ಎತ್ತಿ ನೋಡಿದ ಅಮ್ಮ ಅರ್ಧ ಗಂಟೆ ಮಾತೇ ಆಡಲಿಲ್ಲ. ಚಾಂಗಿಯ ಜುವೆಲ್‌ನಲ್ಲಿ 40 ಮೀಟರ್ ಎತ್ತರದಿಂದ ಛಾವಣಿಯೊಳಗೇ ಬೀಳುವ ನೀರನ್ನು ಅಪ್ಪ ಜೋಗದ ಜೊತೆ ಹೋಲಿಸಿ, “ಇದಕ್ಕೆ ಕರೆಂಟ್ ಬೇಕು, ಅದು ಕರೆಂಟ್ ಕೊಡುತ್ತೆ” ಅಂತ ತೀರ್ಪು ಕೊಟ್ಟರು.

ಮೈಲ್ಸ್‌ನ ಎಫ್‌ಡಿ ಥರ ವರ್ಷಗಟ್ಟಲೆ ಇಟ್ಟುಕೊಂಡು ಕೂರಬಾರದು. ಕ್ರಿಸ್‌ಫ್ಲೈಯರ್‌ನಲ್ಲಿ ಸಾಮಾನ್ಯವಾಗಿ 36 ತಿಂಗಳಿಗೆ ಅವಧಿ ಮುಗಿಯುತ್ತೆ. ಕಂಪನಿಗಳೂ ಬದಲಾಗ್ತಾವೆ: 2024ರ ನವೆಂಬರ್‌ನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಸದಸ್ಯರ ಪಾಯಿಂಟ್‌ಗಳೂ ಅಲ್ಲಿಗೇ ಹೋದವು. ಒಂದು ಟಿಕೆಟ್ಟಿಗೆ ಕೇಳುವ ಮೈಲ್ಸ್ ಆಗಾಗ ಏರುತ್ತಲೂ ಇರುತ್ತೆ.

ಸಾಲಗಾರರ ಬಡ್ಡಿಯ ಮಾತನ್ನು ಅಪ್ಪ ಇನ್ನೂ ಬಿಟ್ಟಿಲ್ಲ. ಆದರೆ ಹೋದ ವಾರ ಫೋನ್ ಮಾಡಿ, “ನಮ್ಮಕ್ಕನ್ನೂ ಒಂದ್ಸಲ ಕರ್ಕೊಂಡು ಹೋಗಕ್ಕೆ ಎಷ್ಟು ಪಾಯಿಂಟ್ ಬೇಕೋ?” ಅಂತ ಕೇಳಿದರು. ಖಾತೆಯಲ್ಲಿ ಐದು ಜನರನ್ನು ನಾಮಿನಿ ಮಾಡಬಹುದು, ಇನ್ನೂ ಮೂರು ಹೆಸರಿಗೆ ಜಾಗ ಇದೆ. ಮೊದಲು ಅತ್ತೆಗೆ ಪಾಸ್‌ಪೋರ್ಟ್ ಮಾಡಿಸಬೇಕು.