ಕೋವಿಯ ಊರಿನಿಂದ ಕುಕ್ಕರಿನ ಊರಿಗೆ

ನಮ್ಮ ತೀರ್ಥಹಳ್ಳಿ ಕಡೆ ಕೋವಿ ಎಂದರೆ ತೋಟದ ಕಾವಲು. ಚುನಾವಣೆ ಬಂತೆಂದರೆ ಅದು ಠಾಣೆಗೆ ಜಮೆ, ಕಾಡುಹಂದಿಗಳಿಗೆ ಹಬ್ಬ. ಪ್ರತಿ ಸಲವೂ ಜಗಲಿಯಲ್ಲಿ ಮಾತು ಹುಟ್ಟುತ್ತದೆ: "ಕೋವಿ ಇರೋರೆಲ್ಲ ಸೇರಿ ನಮ್ಮವನೊಬ್ಬನನ್ನ ನಿಲ್ಲಿಸ್ಬೇಕು ಮಾರಾಯ." ಕೂಡಲೇ ಇನ್ನೊಬ್ಬರು: "ಗೆಲ್ತಾನಾ? ಸುಮ್ನೆ ಓಟು ಹಾಳು." ದೊಡ್ಡ ಪಕ್ಷಗಳನ್ನು ದಾಟಿ ಪಕ್ಷೇತರನೊಬ್ಬ ಗೆದ್ದ ನೆಲವನ್ನು ನೋಡುವ ಆಸೆಯಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬಂದಿದ್ದೇನೆ.

ನೆಲಮಂಗಲದಲ್ಲಿ ಬಸ್ಸಿಳಿದರೆ ಲಾರಿಗಳ ಹೊಗೆ, ಗದ್ದಲ; ರಸ್ತೆ ದಾಟುವುದೇ ಒಂದು ಸಾಹಸ. ಶಿವಗಂಗೆ ಬೆಟ್ಟದ ಸುತ್ತ ಚಿರತೆಯ ಭಯವಂತೆ. "ಮತ್ತೆ ಕೋವಿ?" ಎಂದೆ. ಹುಲ್ಲಿನ ಹೊರೆ ಇಳಿಸುತ್ತಿದ್ದ ರೈತರು ನಕ್ಕರು. "ಕೋವಿ ಎಲ್ಲಿಂದ ತರೋಣ ಸಾರ್, ಫಾರೆಸ್ಟಿನೋರ ಬೋನೇ ಗತಿ."

ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತೇ ಬಂದೆ. ಓಣಿಗೆ ಕಾಲಿಟ್ಟರೆ ಮನೆ ಮನೆಯಲ್ಲೂ ವಿದ್ಯುತ್ ಮಗ್ಗಗಳ ಟಕಟಕ. ಸೀರೆ ನೇಯುತ್ತಿದ್ದವರು ಸದ್ದಿನ ಮೇಲೆ ಕೂಗಿ ಹೇಳುತ್ತಾರೆ: "ಮಗ್ಗದ ಕಷ್ಟ ಮಾತಾಡೋನು ಒಬ್ಬ, ಗೆಲ್ಲೋನು ಇನ್ನೊಬ್ಬ. ಓಟು ಯಾರಿಗೆ ಹಾಕೋಣ ಹೇಳಿ." ನಮ್ಮ ಜಗಲಿಯ ಮಾತು ಇಷ್ಟು ದೂರದ ಮಗ್ಗದ ಮನೆಯಲ್ಲಿ!

ಬೀರಸಂದ್ರದ ಬಯಲಲ್ಲಿ ಜಿಲ್ಲಾಡಳಿತ ಭವನ. ಚುನಾವಣೆಗೆ ಯಾರ ಕೋವಿ ಜಮೆಯಾಗಬೇಕು, ಯಾರಿಗೆ ವಿನಾಯಿತಿ ಎಂದು ಪರಿಶೀಲಿಸುವ ಸಮಿತಿ ಪ್ರತಿ ಜಿಲ್ಲೆಗೂ ಉಂಟು. ಇಲ್ಲಿ ನಾನು ಬೆರಗಾದದ್ದು ಬೇರೆ ಸಂಗತಿಗೆ. 'ಬೆಂಗಳೂರು ಗ್ರಾಮಾಂತರ' ಲೋಕಸಭಾ ಕ್ಷೇತ್ರ ಇರುವುದು ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಗೆ. ಈ ಜಿಲ್ಲೆಯ ನಾಲ್ಕು ತಾಲ್ಲೂಕುಗಳೂ ಮತ ಹಾಕುವುದು ಚಿಕ್ಕಬಳ್ಳಾಪುರಕ್ಕೆ!

ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ನೋಡಿ, ಚಕ್ಕೋತ ತಿಂದು, ಹೊಸಕೋಟೆಯಲ್ಲಿ ರಾತ್ರಿ ಉಳಿದೆ.

ಬೆಳಗಾಗುವ ಮೊದಲೇ ಇಲ್ಲಿ ಬಿರಿಯಾನಿಗೆ ಸಾಲು! ನಮ್ಮಲ್ಲಿ ಕಡುಬಿನ ಹಬೆಯೂ ಏಳದ ಹೊತ್ತು. ಸಾಲಿನಲ್ಲಿ ನಿಂತೇ ಕೇಳಿದ ಕಥೆ ಇದು. 2018ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್‌ನ ಎಂ.ಟಿ.ಬಿ. ನಾಗರಾಜ್ ಅವರು ಬಿಜೆಪಿಯ ಶರತ್ ಬಚ್ಚೇಗೌಡರನ್ನು ಸೋಲಿಸಿದ್ದರು. ಮರುವರ್ಷ ನಾಗರಾಜ್ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಗೆ ನಿಂತರು. ಟಿಕೆಟ್ ತಪ್ಪಿದ ಶರತ್ ಪಕ್ಷೇತರರಾದರು, ಚಿಹ್ನೆ ಕುಕ್ಕರ್. ಕಾಂಗ್ರೆಸ್‌ನಿಂದ ಪದ್ಮಾವತಿ ಸುರೇಶ್. ಪಕ್ಷ ಬದಲಿಸಿದವರನ್ನು ಸೋಲಿಸಬೇಕೆಂದವರ ಮುಂದೆ ಎರಡು ದಾರಿ: ಕೈಯೋ, ಕುಕ್ಕರೋ?

"ಹೇಗೆ ತೀರ್ಮಾನ ಮಾಡಿದ್ರಿ?" ಎಂದೆ. "ಯಾರ ಹಿಂದೆ ಜನ ಇದಾರೆ ಅಂತ ನೋಡಿದ್ವಿ ಅಣ್ಣ. ಊರೂರಲ್ಲೂ ಕುಕ್ಕರ್ ಮಾತೇ."

2019ರ ಡಿಸೆಂಬರ್ 9ರಂದು ಎಣಿಕೆಯಾದಾಗ ಶರತ್ 11 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಹಿಂದಿನ ವರ್ಷ ಗೆದ್ದಿದ್ದ ಕಾಂಗ್ರೆಸ್ ಮೂರನೆಯ ಸ್ಥಾನಕ್ಕೆ ಇಳಿದಿತ್ತು. 'ಹಾಳಾಗುವ ಓಟು' ಎಂಬ ಹಣೆಪಟ್ಟಿ ಒಂದೇ ವರ್ಷದಲ್ಲಿ ಪಕ್ಷೇತರನಿಂದ ದೊಡ್ಡ ಪಕ್ಷಕ್ಕೆ ಹೋಗಿ ಅಂಟಿತ್ತು!

ಅಮೆರಿಕದ ಕೋವಿಯವರಿಗೂ ಇದೇ ತೊಳಲಾಟ. ಕೋವಿ ಹಕ್ಕಿನ ಪರ ನಿಲ್ಲುವ ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘ ಅಭ್ಯರ್ಥಿಗಳಿಗೆ 'ಎ'ಯಿಂದ 'ಎಫ್'ವರೆಗೆ ಶ್ರೇಣಿ ಕೊಡುತ್ತದೆ. ಆದರೂ ಕೋವಿಯ ಹಕ್ಕಿನಲ್ಲಿ ಒಂದಿಷ್ಟೂ ಬಿಟ್ಟುಕೊಡದ ಪುಟ್ಟ ಲಿಬರ್ಟೇರಿಯನ್ ಪಕ್ಷಕ್ಕೆ ಹಾಕಿದರೆ ರಿಪಬ್ಲಿಕನ್ ಸೋತಾನೆಂಬ ಅಳುಕು. ಬೇರೆ ಪಾಳಯದಲ್ಲೂ ಈ ಅಳುಕು ಉಂಟು: 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ಡೆಮಾಕ್ರಟ್ ಗೋರ್ ಸೋತದ್ದು 537 ಮತಗಳಿಂದ, ಮೂರನೆಯವರಾದ ನೇಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು.

ಹಾಗಾದರೆ ಹೊಸಕೋಟೆಯಲ್ಲಿ ಆ ಅಳುಕು ಹೇಗೆ ಬಿಟ್ಟಿತು? ಶರತ್ ಊರಿಗೆ ಹೊಸಬರಲ್ಲ. ತಂದೆ ಬಚ್ಚೇಗೌಡರ ಹಳೆಯ ಬಲವಿತ್ತು. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು, ಜೆಡಿಎಸ್ ಅಭ್ಯರ್ಥಿಯನ್ನೇ ಹಾಕದೆ ಅವರನ್ನು ಬೆಂಬಲಿಸಿದ್ದು. 2023ರಲ್ಲಿ ಶರತ್ ಕಾಂಗ್ರೆಸ್‌ನಿಂದಲೇ ನಿಂತು ಗೆದ್ದರು. "ಒಂಟಿಯಾಗಿ ಎಷ್ಟು ದಿನ ಅಣ್ಣ?" ಎನ್ನುತ್ತಾರೆ ನನ್ನ ಮುಂದಿನವರು. ನಮ್ಮ ಜಗಲಿಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಭ್ಯರ್ಥಿ ಸಿಕ್ತಾನೆ ಬಿಡಿ, ಅವನಿಗೋಸ್ಕರ ಹಿಂದೆ ಸರಿಯೋ ಪಕ್ಷ ನಿಮ್ ಕಡೆ ಯಾವ್ದಿದೆ?" ಎಂದರು.