ದಣಪೆ ಬದಿಯ ದಾಸಾಳ

ನಮ್ಮ ಬಾಲ್ಯದಲ್ಲಿ ಹಿರೇಗುತ್ತಿಯಲ್ಲಿ ಯಾರೂ ದಾಸವಾಳದ ಗಿಡವನ್ನು ದುಡ್ಡು ಕೊಟ್ಟು ತಂದದ್ದಿಲ್ಲ. ನಮ್ಮ ಬಾಯಲ್ಲಿ ಅದು ದಾಸಾಳ. ದಣಪೆಯಿಂದ ಬಾವಿಕಟ್ಟೆಯವರೆಗೆ ಐದೆಸಳಿನ ಕೆಂಪು, ನಡುವೆ ಒಂದೆರಡು ಬಿಳಿ, ಬಚ್ಚಲ ಹಿಂದೆ ಎಸಳು ಸೀಳಿಕೊಂಡು ಕೆಳಮುಖವಾಗಿ ತೂಗುವ ಗಂಟೆ ದಾಸಾಳ. ದನಗಳಿಗೆ ಅದರ ಸೊಪ್ಪೆಂದರೆ ಆಸೆ; ಹಾಗಾಗಿ ಮುಳ್ಳುಬೇಲಿಯ ಒಳಬದಿಗೇ ಸಾಲು ಹಿಡಿದು ನೆಡುತ್ತಿದ್ದರು.

ಬೇಸಿಗೆ ರಜೆಯಲ್ಲೇ ಗಿಡ ನೆಡಬೇಕೆಂದು ನಾನು ಹಟ ಹಿಡಿದಿದ್ದೆ. "ಮಳೆ ಬೀಳೂಕೆ ಶುರುವಾಗ್ಲಿ ಮಗಾ, ಈಗ ಊರಿದ್ರೆ ಒಣಗೂದೇ" ಎಂದಳು ಅಜ್ಜಿ. ಮಿರ್ಗ ಕಳೆದು ಆರ್ದ್ರೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಟೊಂಗೆಯನ್ನು ಗಂಟಿನ ಕೆಳಗೆ ಓರೆಯಾಗಿ ಕಡಿದು, ತುದಿಯ ಎರಡೆಲೆ ಬಿಟ್ಟು ಉಳಿದದ್ದನ್ನೆಲ್ಲ ಚಿವುಟಿ, ದಿಬ್ಬದ ಮಣ್ಣಿಗೆ ಊರಿದಳು. ನೀರು ನಿಲ್ಲುವ ತಗ್ಗಿನಲ್ಲಿ ಬೇರು ಕೊಳೆಯುತ್ತದೆಂದು ಅವಳಿಗೆ ಗೊತ್ತಿತ್ತು. ದೀಪಾವಳಿ ಮುಗಿದ ಮೇಲೆ ಹಳೆಯ ಗಿಡಗಳನ್ನು ಕತ್ತಿಯಿಂದ ಸೊಂಟದ ಎತ್ತರಕ್ಕೆ ಸವರುತ್ತಿದ್ದಳು. ನನಗೆ ಅಳು ಬರುತ್ತಿತ್ತು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಚೈತ್ರದ ಬಿಸಿಲಿಗೆ ಗಿಡ ತುಂಬಾ ಹೂವಾದಾಗ ಆ ಕತ್ತಿಯ ಅರ್ಥ ತಿಳಿಯಿತು.

ಏಪ್ರಿಲ್ ಬಂತೆಂದರೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದಿಯ ಬಾವಿಗಳಲ್ಲಿ ಉಪ್ಪು ಏರುತ್ತಿತ್ತು. ಆ ನೀರು ಹಾಕಿದ ಗಿಡದ ಎಲೆಯಂಚು ಸುಟ್ಟು, ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ಅಕ್ಕಿ ತೊಳೆದ ನೀರನ್ನು ಮಡಿಕೆಯಲ್ಲಿ ಕೂಡಿಟ್ಟು ಬುಡಕ್ಕೆ ಹೊಯ್ಯುವುದು ನನ್ನ ಕೆಲಸವಾಗಿತ್ತು.

ಶನಿವಾರ ಎಣ್ಣೆಸ್ನಾನ. ಎಲೆಗಳನ್ನು ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಲೋಳೆಯಾದ ಗೊಂಪು ಸಿದ್ಧ. ಕುಮಟಾ ಪೇಟೆಯ ಎಂಟಾಣೆಯ ಸೀಗೆಪುಡಿ ಮದುವೆಮನೆಗೆ ಮಾತ್ರ. ಹಸಿ ಸೊಪ್ಪು, ತೆಂಗಿನೆಣ್ಣೆ, ಬಚ್ಚಲೊಲೆಯ ಹೊಗೆ ಸೇರಿದ ಆ ವಾಸನೆ ಸಂಜೆಯವರೆಗೂ ಕೂದಲಲ್ಲಿ ಇರುತ್ತಿತ್ತು.

ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು ಕೆಂಪು ಎಸಳುಗಳನ್ನು ಬಿಸಿನೀರಿನಲ್ಲಿ ಹಾಕಿಸಿ, ಆ ರಸಕ್ಕೆ ಲಿಂಬೆಹುಳಿ ಹಿಂಡಿದರು, ಕಡು ಗುಲಾಬಿಯಾಯಿತು. ಸಾಬೂನು ನೀರು ಬಿಟ್ಟರು, ಹಸಿರಾಯಿತು. ನಾನು ಅಂದು ಸಂಜೆ ಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ದಾಸವಾಳದ ರಸ ಬಿಟ್ಟು ನೋಡಿದೆ. ದೇವರಿಗೆ ಹೂವಿಲ್ಲವೆಂದು ಅಮ್ಮ ಬೈದಳು. ಗಣಪತಿಗೆ ಕೆಂಪು ದಾಸವಾಳವೇ ಆಗಬೇಕಿತ್ತು. ಅರಳಿದ ಹೂವು ಮರುದಿನಕ್ಕೆ ಉಳಿಯುವುದೂ ಇಲ್ಲ.

ಊರ ಮೇಲಿನ ರಾಷ್ಟ್ರೀಯ ಹೆದ್ದಾರಿ 17 ಮುಂದೆ 66 ಎನಿಸಿತು, ಚತುಷ್ಪಥವೂ ಆಯಿತು. ರಸ್ತೆಯಂಚಿನ ಎಷ್ಟೋ ಬೇಲಿಗಳು ಹೋದವು. ರಸ್ತೆ ಬೇಕಿತ್ತು, ಬಂತು. ದಣಪೆಯ ಜಾಗದಲ್ಲಿ ಕಬ್ಬಿಣದ ಗೇಟು, ಬೇಲಿಯ ಜಾಗದಲ್ಲಿ ಚಿರೇಕಲ್ಲಿನ ಕಾಂಪೌಂಡು. ಮೊಮ್ಮಗಳು ನರ್ಸರಿಯಿಂದ 150 ರೂಪಾಯಿಗೆ ಹಳದಿ ಹೈಬ್ರಿಡ್ ತಂದು ಕುಂಡದಲ್ಲಿಟ್ಟಳು. ಹೂವು ಅಂಗೈಗಿಂತ ಅಗಲ, ನಿಜಕ್ಕೂ ಚೆಂದ. ಎರಡನೆಯ ಮಳೆಗಾಲಕ್ಕೆ ಬೇರು ಕೊಳೆಯಿತು. ಅದಕ್ಕೂ ಮೊದಲು ಚಿಗುರಿಗೆ ಹಿಟ್ಟು ತಿಗಣೆ ಹತ್ತಿದಾಗ ಸಾಬೂನು ನೀರು ಸಿಂಪಡಿಸಿ ಉಳಿಸಿಕೊಂಡಿದ್ದೆವು.

ನಮ್ಮ ಕರಾವಳಿಯ ಮಳೆಗೆ ಊರ ಐದೆಸಳಿನ ಕೆಂಪೇ ಸರಿ ಎಂಬುದು ನನ್ನ ತೀರ್ಮಾನ. ಹೊಸ ಮನೆ ಕಟ್ಟಿದವರು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಮೊದಲು, ಬಿಸಿಲು ಬೀಳುವ ಬದಿಯಲ್ಲಿ ಎರಡು ಮೊಳ ಮಣ್ಣು ಬಿಟ್ಟುಕೊಳ್ಳಿ. ಟೊಂಗೆ ನಮ್ಮ ಮನೆಯಲ್ಲಿದೆ. ಮಳೆ ಹಿಡಿದ ಮೇಲೆ ಬನ್ನಿ, ಕಡಿದು ಕೊಡುತ್ತೇನೆ.