ಮೇಲ್ಸೇತುವೆಗೆ ಮೊದಲ ಸರದಿ ಯಾರದು?

ಮಂಗಳೂರು ಸಮತಟ್ಟಾದ ಊರಲ್ಲ. ಹತ್ತಿದರೆ ಗುಡ್ಡ, ಇಳಿದರೆ ಬೈಲು. ತಲಪಾಡಿ ಕಡೆಯಿಂದ ನೇತ್ರಾವತಿ ಸೇತುವೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿಯೂ ಇದಕ್ಕೆ ಹೊರತಲ್ಲ. ಜೆಪ್ಪಿನಮೊಗರು ಕಳೆದು ಪಂಪ್‌ವೆಲ್‌ನ ತಗ್ಗಿಗೆ ಬರುತ್ತದೆ. ತಾರೆತೋಟದ ಏರು ಹತ್ತಿ ನಂತೂರು ತಲಪುತ್ತದೆ. ಕೆಪಿಟಿ, ಕುಂಟಿಕಾನ ದಾಟಿ ಕೊಟ್ಟಾರ ಚೌಕಿಯ ತಗ್ಗಿಗಿಳಿದು ಕೂಳೂರು ಹೊಳೆಯತ್ತ ಸಾಗುತ್ತದೆ. ಈ ಹತ್ತು ಕಿಲೋಮೀಟರಿನೊಳಗೆ ಊರಿನ ಎಲ್ಲ ಗಡಿಬಿಡಿಯೂ ಅದಕ್ಕೆ ಅಡ್ಡ ಬರುತ್ತದೆ.

ಪಂಪ್‌ವೆಲ್‌ನಲ್ಲಿ ಬೆಂಗಳೂರು ರಸ್ತೆ ಕೂಡುತ್ತದೆ. ನಂತೂರಿನಲ್ಲಿ ಮಲ್ಲಿಕಟ್ಟೆಯಿಂದ ಬಂದ ಮೂಡಬಿದಿರೆ ಬಸ್ಸುಗಳು ಹೆದ್ದಾರಿ ದಾಟಿ ಬಿಕರ್ನಕಟ್ಟೆಯತ್ತ ಹೋಗುತ್ತವೆ. ಕೆಪಿಟಿಯಲ್ಲಿ ವಿಮಾನ ನಿಲ್ದಾಣದ ಅವಸರದವರು. ಇವರೆಲ್ಲರ ನಡುವೆ ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿ, ಟ್ಯಾಂಕರುಗಳ ಸಾಲು. 1974ರಲ್ಲಿ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದಾಗ, ಅದರ ಭಾರವೆಲ್ಲ ಒಂದು ದಿನ ಊರಿನ ನಾಲ್ಕಾರು ಸರ್ಕಲ್‌ಗಳ ಮೇಲೆ ಬೀಳುತ್ತದೆಂದು ಎಷ್ಟು ಮಂದಿ ಎಣಿಸಿದ್ದರೋ!

ಎಲ್ಲ ಸರ್ಕಲ್‌ಗೂ ಒಟ್ಟಿಗೇ ಮೇಲ್ಸೇತುವೆ ಕಟ್ಟುವಷ್ಟು ದುಡ್ಡು ಯಾವ ಸರ್ಕಾರದಲ್ಲೂ ಇಲ್ಲ. ಹಾಗಾದರೆ ಮೊದಲು ಯಾವುದು? ಇಂಜಿನಿಯರರ ಬಳಿ ಇದಕ್ಕೊಂದು ಲೆಕ್ಕವಿದೆ. ಕಾರು, ರಿಕ್ಷಾಗಳಿಗೆ 1 ಅಂಕ, ಬೈಕಿಗೆ ಅರ್ಧ, ಲಾರಿ-ಬಸ್ಸಿಗೆ 3. ನಗರದ ಒಂದು ಕೂಡುರಸ್ತೆಯಲ್ಲಿ ಎಲ್ಲ ದಿಕ್ಕಿನ ವಾಹನ ಸೇರಿ ಗಂಟೆಗೆ 10,000 ಅಂಕ ದಾಟಿದರೆ, ರಸ್ತೆಗಳನ್ನು ಮೇಲೆ-ಕೆಳಗೆ ಬೇರ್ಪಡಿಸುವುದನ್ನು ಯೋಚಿಸಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1985ರ ಮಾರ್ಗಸೂಚಿ. ಶಾಲೆಯ ಚೀಲ ಬೆನ್ನಿಗೇರಿಸಿ ರಸ್ತೆ ದಾಟಲು ಕಾಯುವ ಹುಡುಗಿಗೆ ಮಾತ್ರ ಈ ಕೂಡಿಕೆಯಲ್ಲಿ ಅಂಕವಿಲ್ಲ.

ಮಂಗಳೂರಿನಲ್ಲಿ ಸರದಿ ಬಂದ ಬಗೆ ಬೇರೆಯೇ. ಹೆದ್ದಾರಿ ಚತುಷ್ಪಥವಾಗುವಾಗ ತಲಪಾಡಿಯಿಂದ ನಂತೂರಿನವರೆಗೆ ಒಂದು ಯೋಜನೆ, ನಂತೂರಿನಿಂದ ಸುರತ್ಕಲ್‌ವರೆಗೆ ಬಂದರು ಸಂಪರ್ಕದ ಇನ್ನೊಂದು ಯೋಜನೆ. ಎರಡೂ ಕೂಡುವ ಹೊಲಿಗೆಯ ಮೇಲೆಯೇ ನಂತೂರು ಕುಳಿತಿತ್ತು. ಕುಂಟಿಕಾನ, ಕೊಟ್ಟಾರ ಚೌಕಿಗಳಿಗೆ ಮೇಲ್ಸೇತುವೆ ಬಂತು. ತೊಕ್ಕೊಟ್ಟಿನದು ಎಳೆದೆಳೆದು 2019ರಲ್ಲಿ ತೆರೆಯಿತು. ಜೋಕುಗಳಿಗೆಲ್ಲ ವಸ್ತುವಾಗಿದ್ದ ಪಂಪ್‌ವೆಲ್‌ನದು 2020ರ ಜನವರಿ 31ರಂದು ತೆರೆಯಿತು. ನಂತೂರು, ಕೆಪಿಟಿಗಳಲ್ಲಿ ಕಾಮಗಾರಿ ಕೈಗೆತ್ತಿಕೊಂಡದ್ದು ಅದೂ ಆದ ಮೇಲೆ.

ಅಷ್ಟು ಕಾಲ ನಂತೂರಿನಲ್ಲಿ ಕಂಡದ್ದು ಒಂದೇ ನೋಟ. ಏರು ಹತ್ತಿ ಏದುಸಿರು ಬಿಡುತ್ತ ಬಂದ ಲಾರಿ ಸರ್ಕಲ್‌ನಲ್ಲಿ ನಿಲ್ಲಬೇಕು. ಹಿಂದಿರುವ ಬೈಕಿನವನಿಗೆ ಅದು ಹಿಂದಕ್ಕೆ ಜಾರಿದರೆ ಎಂಬ ಪುಕಪುಕ. ಗಂಟೆಗೆಷ್ಟು ವಾಹನ ಎಂಬ ಲೆಕ್ಕದಲ್ಲಿ ಈ ಏರು ಕಾಣುವುದಿಲ್ಲ, ಅಲ್ಲಿ ದಿನಾ ಓಡಾಡುವವರಿಗೆ ಮಾತ್ರ ಗೊತ್ತು.

ಇನ್ನು ಕಟ್ಟಿದ ಮೇಲೆ? ಪಂಪ್‌ವೆಲ್‌ನ ಸೇತುವೆ ಕೇರಳದಿಂದ ಉಡುಪಿಗೆ ನೇರ ಹೋಗುವವನಿಗೆ ವರವಾಯಿತು. ಕಂಕನಾಡಿಯಿಂದ ಬಿ.ಸಿ.ರೋಡಿಗೆ ಹೋಗುವವನು ಈಗಲೂ ಸೇತುವೆಯ ಅಡಿಯಲ್ಲೇ ತಿರುಗಬೇಕು. ಆಟಿಯ ಮಳೆ ಜೋರಾದರೆ ಅಲ್ಲಿ ನೀರೂ ನಿಲ್ಲುತ್ತದೆ. ಹೆಸರಿನಲ್ಲೇ ಪಂಪೂ ಬಾವಿಯೂ ಇರುವ ಜಾಗವಲ್ಲವೇ! ಗುಡ್ಡದ ಮೇಲಿನ ನಂತೂರು, ಕೆಪಿಟಿಗಳಿಗೆ ಬೇರೆ ಉಪಾಯ: ಹೆದ್ದಾರಿ ಕೆಳಗೆ, ಊರಿನ ರಸ್ತೆ ಮೇಲೆ. ನೆಲದ ಗುಣ ನೋಡಿ ಮಾಡಿದ ಯೋಚನೆ. ಅಲ್ಲೂ ತಿರುಗುವವರನ್ನು, ನಡೆಯುವವರನ್ನು ಮರೆಯದಿದ್ದರೆ ಸರಿ.

ಮುಂದೆ ಇನ್ನೊಂದು ಸರ್ಕಲ್‌ನ ಸರದಿ ಬಂದೇ ಬರುತ್ತದೆ. ಆಗ ದಾಟಿಹೋಗುವ ವಾಹನಗಳ ಜೊತೆಗೆ ತಿರುಗುವವರೆಷ್ಟು, ಬಸ್ಸಿಳಿದು ಓಡುವವರೆಷ್ಟು, ಮಳೆನೀರು ಹರಿಯುವುದೆತ್ತ ಎಂಬುದನ್ನೂ ಎಣಿಸಬೇಕು. ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲು ತಟ್ಟಿ 'ರೈಟ್ ಪೋಯಿ' ಎಂದ ಮೇಲೆ ಬಸ್ಸು ಹೊರಟುಬಿಡುತ್ತದೆ. ಇಳಿದ ಅಜ್ಜಿ ಮಾತ್ರ ಮೊಮ್ಮಗನ ಕೈ ಹಿಡಿದು ರಸ್ತೆಯಂಚಿನಲ್ಲಿ ನಿಂತೇ ಇರುತ್ತಾರೆ.